ಪೌಡರು ಪರಿಮಳ: ಹಳೆಯ ಗುಣ, ಇಂದಿನ ನಿಯಮ

ಸಾಬೂನು, ಟಾಲ್ಕಂ ಪೌಡರು ಮತ್ತು ಅಗರಬತ್ತಿ ತಯಾರಕರು ಸುಗಂಧದ ಕಾಂಪೌಂಡ್ ಕೊಳ್ಳುವಾಗ "ಹಳೆಯ ಕಾಲದ ಪೌಡರಿನಂಥ ಮೃದುವಾದ ಹೂವಿನ ಪರಿಮಳ ಬೇಕು" ಎಂದು ಕೇಳುವುದುಂಟು. ಆದರೆ ಟಾಲ್ಕ್ ಎಂಬ ಖನಿಜಕ್ಕೆ ಹೇಳಿಕೊಳ್ಳುವಂಥ ವಾಸನೆಯೇ ಇಲ್ಲ. ಗ್ರಾಹಕರು ಪೌಡರಿನ ವಾಸನೆ ಎಂದು ಗುರುತಿಸುವುದು, ಒಂದು ಶತಮಾನಕ್ಕೂ ಮೀರಿದ ಕಾಲದಿಂದ ಪೌಡರಿಗೆ ಬೆರೆಸುತ್ತ ಬಂದಿರುವ ಕೆಲವು ಪದಾರ್ಥಗಳ ಪರಿಮಳವನ್ನು. ಆ ಪದಾರ್ಥಗಳು ಯಾವುವು, ಪ್ರತಿಯೊಂದೂ ಯಾವ ಕೆಲಸ ಮಾಡುತ್ತದೆ ಎಂಬುದನ್ನು ಅರಿಯದೆ ಕಾಂಪೌಂಡ್ ಕೊಂಡವರು ಬಣ್ಣಗೆಟ್ಟ ಸಾಬೂನಿನಿಂದಲೋ, ಹಿಂದಿರುಗಿ ಬಂದ ರಫ್ತು ಸರಕಿನಿಂದಲೋ ನಷ್ಟಕ್ಕೆ ಗುರಿಯಾಗಬೇಕಾದೀತು.

ಮೂಲ ಪದಾರ್ಥಗಳು

ಯುರೋಪಿನಲ್ಲಿ ಮುಖದ ಹಾಗೂ ಕೂದಲಿನ ಪೌಡರುಗಳಿಗೆ ಐರಿಸ್ ಗಿಡದ ಗಡ್ಡೆಯನ್ನು ಒಣಗಿಸಿ ಪುಡಿಮಾಡಿ ಬೆರೆಸುವ ರೂಢಿಯಿತ್ತು. ಇಟಲಿಯ ಫ್ಲಾರೆನ್ಸ್ ಸುತ್ತಲಿನ ಪ್ರದೇಶ ಈ ಬೆಳೆಗೆ ಹೆಸರಾಗಿದೆ. ಹಸಿ ಗಡ್ಡೆಗೆ ಆ ಪರಿಮಳವಿರುವುದಿಲ್ಲ. ಸಿಪ್ಪೆ ತೆಗೆದು ಒಣಗಿಸಿ ಸುಮಾರು 3 ವರ್ಷ ದಾಸ್ತಾನಿಟ್ಟ ಮೇಲೆಯೇ ಅದರಲ್ಲಿ ವಯೊಲೆಟ್ ಹೂವನ್ನು ಹೋಲುವ ವಾಸನೆ ಮೂಡುತ್ತದೆ. ಬಂಡವಾಳ ಅಷ್ಟು ಕಾಲ ತೊಡಗಿರುವುದರಿಂದ ಈ ಪದಾರ್ಥ ಅಂದಿಗೂ ಇಂದಿಗೂ ದುಬಾರಿ.

ಹತ್ತೊಂಬತ್ತನೆಯ ಶತಮಾನದ ರಸಾಯನಶಾಸ್ತ್ರವು ಈ ಸ್ಥಿತಿಯನ್ನು ಬದಲಿಸಿತು. 1868ರಲ್ಲಿ ಇಂಗ್ಲೆಂಡಿನ ವಿಲಿಯಂ ಪರ್ಕಿನ್ ಕೂಮರಿನ್ ಅನ್ನು ಕೃತಕವಾಗಿ ತಯಾರಿಸಿದರು. ಅದಕ್ಕೆ ಒಣಹುಲ್ಲು ಮತ್ತು ಬಾದಾಮಿಯನ್ನು ನೆನಪಿಸುವ ವಾಸನೆ. 1874ರಲ್ಲಿ ಜರ್ಮನಿಯಲ್ಲಿ ಟೀಮನ್ ಮತ್ತು ಹಾರ್ಮನ್ ವೆನಿಲಿನ್ ತಯಾರಿಸಿದರು. ಬಾದಾಮಿ, ವೆನಿಲಾ ಬೆರೆತಂತಿರುವ ಹೀಲಿಯೊಟ್ರೋಪಿನ್ ಕೂಡ ಅದೇ ಕಾಲಘಟ್ಟದ್ದು. 1888ರಲ್ಲಿ ಆಲ್ಬರ್ಟ್ ಬೌರ್ ಕೃತಕ ಕಸ್ತೂರಿಯನ್ನು ಕಂಡುಹಿಡಿದರು. 1893ರಲ್ಲಿ ಟೀಮನ್ ಮತ್ತು ಕ್ರೂಗರ್ ಅಯೊನೋನ್ ಕುರಿತ ತಮ್ಮ ಸಂಶೋಧನೆಯನ್ನು ಪ್ರಕಟಿಸಿದರು. ಐರಿಸ್ ಮತ್ತು ವಯೊಲೆಟ್‌ಗಳ ಪರಿಮಳ ಇದರಿಂದ ಸಾಮಾನ್ಯ ತಯಾರಕನ ಕೈಗೂ ಎಟುಕಿತು.

ಈ ಅಯೊನೋನ್‌ನ ಕಚ್ಚಾವಸ್ತು ಸಿಟ್ರಾಲ್. ಆ ಕಾಲದಲ್ಲಿ ಸಿಟ್ರಾಲ್‌ನ ಪ್ರಮುಖ ಆಕರ ನಿಂಬೆಹುಲ್ಲಿನ ಎಣ್ಣೆಯಾಗಿತ್ತು. ಕೇರಳದ ಕೊಚ್ಚಿನ್ ಹೆಸರಿನಲ್ಲಿ ಈ ಎಣ್ಣೆ ದೀರ್ಘಕಾಲ ವಿದೇಶಗಳಿಗೆ ರಫ್ತಾಯಿತು. ದಕ್ಷಿಣ ಭಾರತದ ಬೆಟ್ಟದ ಹುಲ್ಲು ಯುರೋಪಿನ ಪೌಡರು ಡಬ್ಬಿಯ ಪರಿಮಳಕ್ಕೆ ಮೂಲವಾಯಿತು. ಮೌಲ್ಯವರ್ಧನೆಯ ಲಾಭ ಮಾತ್ರ ಬಹುಪಾಲು ಅಲ್ಲಿಯೇ ಉಳಿಯಿತು.

ಈ ಎಲ್ಲ ಪದಾರ್ಥಗಳಿಗೂ ಒಂದು ಸಮಾನ ಗುಣವಿದೆ. ಅವು ನಿಧಾನವಾಗಿ ಆವಿಯಾಗುತ್ತವೆ. ಪೌಡರಿನ ಕಣಗಳು ಅತಿಸೂಕ್ಷ್ಮವಾದ್ದರಿಂದ ಪರಿಮಳವು ಗಾಳಿಗೆ ತೆರೆದುಕೊಳ್ಳುವ ಮೇಲ್ಮೈ ಬಹಳ ಹೆಚ್ಚು. ನಿಂಬೆ, ಕಿತ್ತಳೆಯಂಥ ಹಗುರ ಎಣ್ಣೆಗಳು ಅಲ್ಲಿ ಬೇಗನೆ ಆರಿಹೋಗುತ್ತವೆ ಅಥವಾ ಕೆಡುತ್ತವೆ. ಬಾಳಿಕೆಯ ಅಗತ್ಯವೇ ಪೌಡರು ಪರಿಮಳದ ಸ್ವರೂಪವನ್ನು ಬಹುಮಟ್ಟಿಗೆ ನಿರ್ಧರಿಸಿತು.

ಒಂದು ನಿದರ್ಶನ: ಲೋರಿಗಾನ್

ಈ ಬಗೆಯ ಪರಿಮಳಕ್ಕೆ ಮಾದರಿಯೆನಿಸಿದ್ದು 1905ರಲ್ಲಿ ಪ್ಯಾರಿಸ್ಸಿನಲ್ಲಿ ಫ್ರಾಂಸ್ವಾ ಕೋಟೀ ಮಾರುಕಟ್ಟೆಗೆ ತಂದ 'ಲೋರಿಗಾನ್'. ಕೋಟೀ 1874ರಲ್ಲಿ ಕಾರ್ಸಿಕಾ ದ್ವೀಪದಲ್ಲಿ ಜನಿಸಿದವರು. ಲೋರಿಗಾನ್‌ನಲ್ಲಿ ಲವಂಗದ ಕಾರವುಳ್ಳ ಕಾರ್ನೇಷನ್, ಕಿತ್ತಳೆ ಹೂವು ಮತ್ತು ವಯೊಲೆಟ್ ಪರಿಮಳಗಳನ್ನು ಹೀಲಿಯೊಟ್ರೋಪಿನ್, ವೆನಿಲಿನ್, ಕೂಮರಿನ್ ಹಾಗೂ ಕಸ್ತೂರಿಯ ತಳಹದಿಯ ಮೇಲೆ ಕೂರಿಸಲಾಗಿತ್ತು. 1912ರಲ್ಲಿ ಗೆರ್ಲಾನ್ ಸಂಸ್ಥೆ ತಂದ ಪ್ರಸಿದ್ಧ 'ಲರ್ ಬ್ಲೂ' ಇದೇ ಪರಂಪರೆಗೆ ಸೇರಿದೆ.

ಕೋಟೀ ಅವರ ವ್ಯಾಪಾರ ಕ್ರಮವೂ ಅಧ್ಯಯನಯೋಗ್ಯ. ಒಂದೇ ಪರಿಮಳವನ್ನು ಅತ್ತರು, ಮುಖದ ಪೌಡರು ಮುಂತಾದ ಹಲವು ಸರಕುಗಳಲ್ಲಿ ಅವರು ಮಾರಿದರು. ದೊಡ್ಡ ಬಾಟಲಿ ಕೊಳ್ಳಲಾಗದವರಿಗೆ ಚಿಕ್ಕ ಬಾಟಲಿ ಒದಗಿಸಿದರು. ಬಾಟಲಿ ಮತ್ತು ಡಬ್ಬಿಗಳ ವಿನ್ಯಾಸಕ್ಕೆ ರೆನೆ ಲಾಲೀಕ್ ಅವರಂಥ ಕಲಾವಿದರ ನೆರವು ಪಡೆದರು. ಲೋರಿಗಾನ್ ಪೌಡರಿನ ಡಬ್ಬಿಯನ್ನು ತೆರೆದಾಗ ಬಂದ ಪರಿಮಳವೇ ಅನೇಕ ಮನೆಗಳಲ್ಲಿ 'ಪೌಡರಿನ ವಾಸನೆ' ಎನಿಸಿತು. 1934ರಲ್ಲಿ ಕೋಟೀ ನಿಧನರಾದ ಮೇಲೂ ಈ ಸಂಬಂಧ ಅಳಿಯಲಿಲ್ಲ.

ನಿಯಮಗಳಿಂದಾದ ಬದಲಾವಣೆ

ಅಂದಿನ ಸೂತ್ರಗಳನ್ನು ಇಂದು ಯಥಾವತ್ತಾಗಿ ಬಳಸಲು ಸಾಧ್ಯವಿಲ್ಲ. ಹಿಂದೆ ಧಾರಾಳವಾಗಿ ಬಳಕೆಯಲ್ಲಿದ್ದ ಮಸ್ಕ್ ಆಂಬ್ರೆಟ್ ಎಂಬ ಕೃತಕ ಕಸ್ತೂರಿ, ಬಿಸಿಲು ತಗುಲಿದಾಗ ಚರ್ಮಕ್ಕೆ ತೊಂದರೆ ಕೊಡುವುದೆಂದು ಕಂಡುಬಂದ ಬಳಿಕ ನಿಷೇಧಕ್ಕೊಳಗಾಯಿತು. ಮಸ್ಕ್ ಕ್ಸೈಲೀನ್ 2014ರಿಂದ ಯುರೋಪ್ ಒಕ್ಕೂಟದಲ್ಲಿ ವಿಶೇಷ ಅನುಮತಿಯಿಲ್ಲದೆ ಬಳಸುವಂತಿಲ್ಲ. ಹೂವಿನ ಮಿಶ್ರಣಗಳಲ್ಲಿ ಸಾಮಾನ್ಯವಾಗಿದ್ದ ಲಿಲಿಯಾಲ್ 2022ರ ಮಾರ್ಚ್ 1ರಿಂದ ಅಲ್ಲಿನ ಸೌಂದರ್ಯ ಸಾಧನಗಳಲ್ಲಿ ನಿಷಿದ್ಧ. ಕಾರ್ನೇಷನ್ ಪರಿಮಳಕ್ಕೆ ಆಧಾರವಾದ ಐಸೊಯೂಜೆನಾಲ್‌ಗೆ, 1973ರಲ್ಲಿ ಸ್ಥಾಪಿತವಾದ ಅಂತರರಾಷ್ಟ್ರೀಯ ಸುಗಂಧ ಸಂಘ 'ಇಫ್ರಾ' ಕಟ್ಟುನಿಟ್ಟಿನ ಮಿತಿ ವಿಧಿಸಿದೆ.

ಹೀಲಿಯೊಟ್ರೋಪಿನ್‌ನ ರಾಸಾಯನಿಕ ಹೆಸರು ಪಿಪೆರೊನಾಲ್. ಮಾದಕ ವಸ್ತುಗಳ ತಯಾರಿಕೆಗೆ ದುರ್ಬಳಕೆಯಾಗಬಹುದೆಂಬ ಕಾರಣಕ್ಕೆ ಅದು 1988ರ ವಿಶ್ವಸಂಸ್ಥೆಯ ಒಪ್ಪಂದದ ಪಟ್ಟಿಯಲ್ಲಿದೆ. ಅದನ್ನು ಬಿಡಿಯಾಗಿ ಆಮದು ಅಥವಾ ರಫ್ತು ಮಾಡುವವರು ಮೊದಲೇ ಅನುಮತಿಯ ವಿಚಾರ ತಿಳಿದುಕೊಳ್ಳುವುದು ಅವಶ್ಯಕ.

ಲೇಬಲ್ ಲೆಕ್ಕ

ಯುರೋಪ್ ಒಕ್ಕೂಟದ 2023ರ ನಿಯಮವು ಲೇಬಲ್‌ನಲ್ಲಿ ಹೆಸರಿಸಬೇಕಾದ ಅಲರ್ಜಿಕಾರಕ ಪದಾರ್ಥಗಳ ಪಟ್ಟಿಯನ್ನು 26ರಿಂದ 80ಕ್ಕೂ ಮೇಲೆ ವಿಸ್ತರಿಸಿತು. ಹೊಸ ಸರಕಿಗೆ 2026ರ ಜುಲೈ 31, ಈಗಾಗಲೇ ಮಾರುಕಟ್ಟೆಯಲ್ಲಿರುವ ಸರಕಿಗೆ 2028ರ ಜುಲೈ 31 ಗಡುವು. ಕೂಮರಿನ್ ಮೊದಲಿನಿಂದಲೂ ಪಟ್ಟಿಯಲ್ಲಿದೆ. ವೆನಿಲಿನ್ ಹೊಸದಾಗಿ ಸೇರಿದೆ. ಮೈಮೇಲೆ ಉಳಿಯುವ ಸರಕಿನಲ್ಲಿ ಶೇ. 0.001, ತೊಳೆದುಹೋಗುವ ಸರಕಿನಲ್ಲಿ ಶೇ. 0.01ಕ್ಕಿಂತ ಹೆಚ್ಚಿದ್ದರೆ ಹೆಸರು ನಮೂದಿಸಬೇಕು.

ಉದಾಹರಣೆಗೆ, 100 ಕಿಲೋ ಸರಕಿಗೆ 1 ಕಿಲೋ ಕಾಂಪೌಂಡ್ ಬೆರೆಸಲಾಗುತ್ತದೆ ಎಂದಿಟ್ಟುಕೊಳ್ಳೋಣ. ಆ ಕಾಂಪೌಂಡ್‌ನಲ್ಲಿ ಶೇ. 0.5 ವೆನಿಲಿನ್ ಇದ್ದರೆ ಸಿದ್ಧ ಸರಕಿನಲ್ಲಿ ಅದರ ಪ್ರಮಾಣ ಶೇ. 0.005. ಪೌಡರಾದರೆ ಲೇಬಲ್‌ನಲ್ಲಿ ವೆನಿಲಿನ್ ಹೆಸರಿಸಬೇಕು, ಸಾಬೂನಾದರೆ ಬೇಕಿಲ್ಲ. ಅದೇ ಕಾಂಪೌಂಡ್‌ನಲ್ಲಿ ಶೇ. 5 ಕೂಮರಿನ್ ಇದ್ದರೆ ಸರಕಿನಲ್ಲಿ ಶೇ. 0.05 ಆಗುತ್ತದೆ, ಎರಡಕ್ಕೂ ನಮೂದು ಕಡ್ಡಾಯ. ಸರಬರಾಜುದಾರರು ಪ್ರಮಾಣ ತಿಳಿಸದಿದ್ದರೆ ಈ ಲೆಕ್ಕ ಹಾಕಲು ದಾರಿಯೇ ಇಲ್ಲ.

ಸರಕಿಗೆ ತಕ್ಕ ಮಿಶ್ರಣ

ಅತ್ತರಿಗೆ ಒಗ್ಗಿದ ಮಿಶ್ರಣ ಎಲ್ಲ ಸರಕಿಗೂ ಒಗ್ಗುವುದಿಲ್ಲ. ಸಾಬೂನಿನ ಕ್ಷಾರದಲ್ಲಿ ವೆನಿಲಿನ್ ಕಂದು ಬಣ್ಣಕ್ಕೆ ತಿರುಗುತ್ತದೆ. ಕಿತ್ತಳೆ ಹೂವಿನ ಪರಿಮಳಕ್ಕೆ ಬಳಸುವ ಮೀಥೈಲ್ ಆಂತ್ರನಿಲೇಟ್ ಆಲ್ಡಿಹೈಡ್‌ಗಳೊಡನೆ ಸೇರಿ ಹಳದಿ ಛಾಯೆ ತರುತ್ತದೆ. ಬಿಳಿ ಸಾಬೂನು ಮಾಡುವವರು ಇವುಗಳ ಪ್ರಮಾಣ ಇಳಿಸಿ, ಅಯೊನೋನ್ ಮತ್ತು ಎಥಿಲೀನ್ ಬ್ರಾಸಿಲೇಟ್‌ನಂಥ ಇಂದಿನ ಕಸ್ತೂರಿ ಪದಾರ್ಥಗಳಿಂದ ಮೃದುತ್ವ ತುಂಬಿಸಿಕೊಳ್ಳಬಹುದು. ಪೌಡರಿನಲ್ಲಿ ಕಾಂಪೌಂಡ್ ಅನ್ನು ಮೊದಲು ಮೆಗ್ನೀಸಿಯಂ ಕಾರ್ಬೊನೇಟ್‌ಗೆ ಹೀರಿಸಿ, ಜರಡಿ ಹಿಡಿದು, ನಂತರ ಉಳಿದ ಪೌಡರಿಗೆ ಬೆರೆಸಿದರೆ ಗಂಟು ಕಟ್ಟದು. ಅಗರಬತ್ತಿಯ ಕಾಂಪೌಂಡ್ ಅನ್ನು ಮೂಸಿ ಮಾತ್ರ ನಿರ್ಧರಿಸದೆ ಉರಿಸಿಯೇ ಪರೀಕ್ಷಿಸತಕ್ಕದ್ದು.

ಕೊಳ್ಳುವ ಮುನ್ನ

1. ಯಾವ ಸರಕಿಗೆ, ಶೇಕಡ ಎಷ್ಟು ಬಳಸಲಾಗುವುದೆಂದು ತಿಳಿಸಿ, ಅದಕ್ಕೆ ಅನ್ವಯಿಸುವ ಇಫ್ರಾ ಪ್ರಮಾಣಪತ್ರ ಮತ್ತು ಅಲರ್ಜಿಕಾರಕಗಳ ಪಟ್ಟಿ ಪಡೆಯಬೇಕು.

2. ದೇಶೀಯ ಮಾರಾಟಕ್ಕೂ 2020ರ ಸೌಂದರ್ಯ ಸಾಧನ ನಿಯಮಗಳು ಹಾಗೂ ಭಾರತೀಯ ಮಾನಕ ಐ.ಎಸ್. 4707ರ ನಿಷಿದ್ಧ ಪದಾರ್ಥಗಳ ಪಟ್ಟಿಯನ್ನು ನೋಡಬೇಕು.

3. ಪೂರ್ಣ ಬ್ಯಾಚ್‌ಗೆ ಮುನ್ನ ಸಣ್ಣ ಮಾದರಿ ಮಾಡಿ, ಬಿಸಿಲಿನಲ್ಲಿ, ಬೆಚ್ಚಗಿನ ಕಪಾಟಿನಲ್ಲಿ ಮತ್ತು ಮಾರಾಟದ ಪೊಟ್ಟಣದಲ್ಲಿ ಕೆಲವು ವಾರ ಇಟ್ಟು ಬಣ್ಣ, ವಾಸನೆ ಪರಿಶೀಲಿಸಬೇಕು.

4. ಒಪ್ಪಿಗೆಯಾದ ಮಾದರಿಯನ್ನು ಮುಚ್ಚಿದ ಬಾಟಲಿಯಲ್ಲಿ ತಂಪಾದ ಕತ್ತಲಲ್ಲಿ ಇರಿಸಿ, ಪ್ರತಿ ಹೊಸ ಸರಬರಾಜನ್ನು ಅದರೊಡನೆ ಹೋಲಿಸಬೇಕು.

ಪರೀಕ್ಷೆ ಮತ್ತು ತರಬೇತಿಗೆ ಕನೌಜ್‌ನ ಸುಗಂಧ ಮತ್ತು ಸುವಾಸನೆ ಅಭಿವೃದ್ಧಿ ಕೇಂದ್ರದ ನೆರವು ಕೋರಬಹುದು.

ಗ್ರಾಹಕನು ಬೆಲೆ ತೆರುವುದು ಹಳೆಯ ಸೂತ್ರಕ್ಕಲ್ಲ, ತನಗೆ ಪರಿಚಿತವಾದ ಪರಿಮಳಕ್ಕೆ. ಸೂತ್ರದಲ್ಲಿ ಯಾವ ಪದಾರ್ಥ ಯಾವ ಕೆಲಸ ಮಾಡುತ್ತದೆ ಎಂದು ಬಲ್ಲ ತಯಾರಕನು, ನಿಷಿದ್ಧವಾದುದನ್ನು ಕೈಬಿಟ್ಟು ಅದೇ ಕೆಲಸಕ್ಕೆ ಇನ್ನೊಂದನ್ನು ನಿಯೋಜಿಸಬಲ್ಲನು. ಹಾಗೆ ಬಲ್ಲವನ ಸರಕಿನಲ್ಲಿ ಹಳೆಯ ಗುಣವೂ ಉಳಿಯುತ್ತದೆ, ಕೊಂಡವರ ನಂಬಿಕೆಯೂ ಉಳಿಯುತ್ತದೆ.