ನನ್ನ ಜೊಲ್ಲಿನಲ್ಲಿ ಯಾರ ಯಾರ ಲೆಕ್ಕವಿದೆ?

(ದ್ವಿತೀಯ ಪಿಯುಸಿ ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ)

ಕಳೆದ ರಂಜಾನ್ ಹಬ್ಬಕ್ಕೆ ಬೆಂಗಳೂರಿನಿಂದ ಬಂದ ನಮ್ಮ ಭಾಯಿ ಒಂದು ಹೊಸ ಹುಚ್ಚು ಹಚ್ಚಿಕೊಂಡು ಬಂದಿದ್ದ. ಸಣ್ಣ ಕೊಳವೆಯಲ್ಲಿ ಜೊಲ್ಲು ತುಂಬಿಸಿ ಕಂಪನಿಗೆ ಕಳುಹಿಸಿದರೆ, ನಮ್ಮ ಪೂರ್ವಜರು ಎಲ್ಲಿಯವರು, ಮುಂದೆ ನಮಗೆ ಯಾವ ಕಾಯಿಲೆ ಬರಬಹುದು ಎಂದು ವರದಿ ಕೊಡುತ್ತಾರಂತೆ. ಅವನಿಗೆ ಬೇಕಾಗಿದ್ದದ್ದು ಮೊದಲನೆಯದು. ನಮ್ಮ ದಾದಿಯ ಪ್ರಕಾರ ನಮ್ಮದು ಬಿಜಾಪುರದ ಬಾದಶಾಹರ ಕುದುರೆ ಸವಾರರ ಮನೆತನ, ಅದಕ್ಕೂ ಹಿಂದೆ ಇರಾನಿನವರು. ಸೋಮವಾರಪೇಟೆಗೆ ಬಂದದ್ದು ಮಾತ್ರ ಕಿತ್ತಳೆ ವ್ಯಾಪಾರಕ್ಕೆ! ಇದನ್ನು ಪರೀಕ್ಷೆ ಮಾಡಿಸಿ ನೋಡೋಣ ಎಂದು ಭಾಯಿ ಹೇಳಿದಾಗ ದಾದಿ ಕೇಳಿದ್ದು ಒಂದೇ ಮಾತು: "ಕಾಯ್ಕು ಬೇಟಾ? ನಾನು ಹೇಳಿದ್ದು ಸಾಲದಾ?"

ಹತ್ತನೇ ತರಗತಿಯ ನಂತರ ನಾನು ಜೀವಶಾಸ್ತ್ರದ ಪುಸ್ತಕ ಮುಟ್ಟಿಲ್ಲ. ಆದರೆ ಹಣ ಕೊಡುವ ಮೊದಲು ಏನನ್ನು ಕೊಳ್ಳುತ್ತಿದ್ದೇವೆ ಎಂದು ನೋಡುವುದು ನಮ್ಮ ವಿಭಾಗದ ಅಭ್ಯಾಸ. ಹಾಗಾಗಿ ವಿಜ್ಞಾನ ವಿಭಾಗದ ಗೆಳತಿಯರನ್ನು ಕಾಡಿಸಿ ಓದಿಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಜೀವಕೋಶಗಳಲ್ಲಿರುವ ಡಿಎನ್‌ಎ ಎಂಬುದು ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರಗಳಲ್ಲಿ ಬರೆದ ಒಂದು ದೊಡ್ಡ ಖಾತೆ ಪುಸ್ತಕ. ತಾಯಿಯಿಂದ ಸುಮಾರು 300 ಕೋಟಿ ಅಕ್ಷರ, ತಂದೆಯಿಂದ ಅಷ್ಟೇ ಅಕ್ಷರ, 23 ಜೋಡಿ ವರ್ಣತಂತುಗಳಲ್ಲಿ ಕಟ್ಟಿಟ್ಟಿದೆ. ಈ ಇಡೀ ಖಾತೆಗೆ ಜೀನೋಮ್ ಎಂದು ಹೆಸರು. ಯಾವುದೇ ಇಬ್ಬರು ಮನುಷ್ಯರನ್ನು ತೆಗೆದುಕೊಂಡರೂ ಸುಮಾರು ಶೇಕಡಾ 99.9ರಷ್ಟು ಅಕ್ಷರಗಳು ಒಂದೇ ಆಗಿರುತ್ತವೆ. 1990ರಲ್ಲಿ ಶುರುವಾಗಿ 2003ರಲ್ಲಿ ಮುಗಿದ ಮಾನವ ಜೀನೋಮ್ ಯೋಜನೆಗೆ ಸುಮಾರು 300 ಕೋಟಿ ಡಾಲರ್ ತಗುಲಿತು, ಅಂದರೆ ಅಕ್ಷರಕ್ಕೆ ಒಂದು ಡಾಲರ್. 2014ರಲ್ಲಿ ಒಬ್ಬರ ಜೀನೋಮ್ ಅನ್ನು ಸಾವಿರ ಡಾಲರಿಗೆ ಓದಬಲ್ಲ ಯಂತ್ರ ಬಂತು. ಇಷ್ಟು ಬೆಲೆ ಇಳಿದ ಸರಕು ಬೇರೆ ಯಾವುದಿದೆಯೋ ಗೊತ್ತಿಲ್ಲ.

ಭಾಯಿ ಹೇಳಿದ ಅಗ್ಗದ ಪರೀಕ್ಷೆ ಮಾತ್ರ ಇಡೀ ಜೀನೋಮ್ ಓದುವುದಿಲ್ಲ. ಅಂಥ ಕಿಟ್‌ಗಳು ಸಾಮಾನ್ಯವಾಗಿ ಆರೇಳು ಲಕ್ಷ ಜಾಗಗಳನ್ನು ಮಾತ್ರ ನೋಡುತ್ತವೆ. 300 ಕೋಟಿಯಲ್ಲಿ ಆರೂವರೆ ಲಕ್ಷ ಎಂದರೆ ಶೇಕಡಾ 0.02ರ ಆಸುಪಾಸು. ಲೆಕ್ಕಪರಿಶೋಧನೆಯಲ್ಲಿ ಎಲ್ಲ ವೋಚರ್ ನೋಡದೆ ಕೆಲವನ್ನು ಆರಿಸಿ ನೋಡುತ್ತಾರಲ್ಲ, ಹಾಗೆ. ಆರಿಸಿದ ವೋಚರುಗಳಲ್ಲಿ ತಪ್ಪಿಲ್ಲ ಎಂದ ಮಾತ್ರಕ್ಕೆ ಖಾತೆಯಲ್ಲೇ ತಪ್ಪಿಲ್ಲ ಎನ್ನಲಾಗದು. ಪೂರ್ಣ ಜೀನೋಮ್ ಪರೀಕ್ಷೆಯಲ್ಲಾದರೆ ತಪ್ಪು ಓದಬಾರದೆಂದು ಪ್ರತಿ ಅಕ್ಷರವನ್ನೂ ಸರಾಸರಿ 30 ಸಲ ಓದುತ್ತಾರೆ.

ಪೂರ್ವಜರ ವಿಷಯ ಇನ್ನೂ ಸೂಕ್ಷ್ಮ. ಜೊಲ್ಲಿನಲ್ಲಿ ಊರಿನ ಹೆಸರು ಬರೆದಿರುವುದಿಲ್ಲ. ಕಂಪನಿಯ ಬಳಿ ಈಗಾಗಲೇ ಇರುವ ಜನರ ಮಾದರಿಗಳೊಂದಿಗೆ ನಮ್ಮದನ್ನು ಹೋಲಿಸಿ, ಯಾರಿಗೆ ಹತ್ತಿರ ಎಂದು ಅಂದಾಜು ಹೇಳುತ್ತಾರೆ. ಅವರ ಪಟ್ಟಿಯಲ್ಲಿ ನಮ್ಮ ಕಡೆಯ ಜನರೇ ಇಲ್ಲದಿದ್ದರೆ ಅಂದಾಜು ಎಲ್ಲಿಂದ ಸರಿಯಾದೀತು? ಈ ಕೊರತೆ ತುಂಬುವ ಕೆಲಸ ನಮ್ಮಲ್ಲೇ ನಡೆದಿದೆ. 2019ರಲ್ಲಿ ಸಿಎಸ್‌ಐಆರ್ ಸಂಸ್ಥೆಯ ಇಂಡಿಜೆನ್ ಯೋಜನೆ 1,008 ಭಾರತೀಯರ ಜೀನೋಮ್ ಓದಿತು. 2020ರಲ್ಲಿ ಶುರುವಾದ ಜೀನೋಮ್ ಇಂಡಿಯಾ ಯೋಜನೆ ಹತ್ತು ಸಾವಿರ ಜನರದ್ದನ್ನು ಓದಿದೆ. ಇದರ ನೇತೃತ್ವ ವಹಿಸಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ. ಮಂಗಳೂರು ವಿಶ್ವವಿದ್ಯಾನಿಲಯ ಮತ್ತು ಯೆನೆಪೋಯ ವಿಶ್ವವಿದ್ಯಾಲಯದ ಸಂಶೋಧಕರು ಕರಾವಳಿಯ ಕೊರಗ ಸಮುದಾಯದವರ ಡಿಎನ್‌ಎಯಲ್ಲಿ ಸುಮಾರು 4,400 ವರ್ಷ ಹಳೆಯದಾದ, ಅದುವರೆಗೆ ಗುರುತಿಸದ ಒಂದು ವಂಶಾಂಶವನ್ನು ಕಂಡಿದ್ದಾರೆ. ಘಟ್ಟ ಇಳಿದರೆ ಸಿಗುವ ಜನರ ಬಗ್ಗೆಯೇ ಇಷ್ಟು ತಡವಾಗಿ ಗೊತ್ತಾಗುತ್ತಿದೆ ಎಂದ ಮೇಲೆ ದಾದಿಯ ಇರಾನಿನ ಮಾತನ್ನು ಒಂದು ಕಿಟ್ ತೀರ್ಮಾನಿಸುತ್ತದೆ ಎಂದು ನನಗೆ ಅನ್ನಿಸುವುದಿಲ್ಲ.

ಇನ್ನು ನನ್ನ ವಿಷಯಕ್ಕೆ, ಅಂದರೆ ವ್ಯವಹಾರಕ್ಕೆ ಬರುತ್ತೇನೆ. ಅಮೆರಿಕದ 23ಆಂಡ್‌ಮಿ ಎಂಬ ಕಂಪನಿ 2006ರಲ್ಲಿ ಆರಂಭವಾಗಿ ಸುಮಾರು ಒಂದೂವರೆ ಕೋಟಿ ಗ್ರಾಹಕರ ಜೊಲ್ಲು ಸಂಗ್ರಹಿಸಿತ್ತು. 2023ರಲ್ಲಿ ಕಳ್ಳರು ನುಗ್ಗಿ 69 ಲಕ್ಷ ಜನರ ಮಾಹಿತಿ ಕದ್ದರು. 2025ರ ಮಾರ್ಚ್‌ನಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ದಿವಾಳಿಯಾದ ಅಂಗಡಿಯಲ್ಲಿ ಮೇಜು, ಕುರ್ಚಿ, ದಾಸ್ತಾನು ಹರಾಜಾಗುವುದನ್ನು ನಾವು ಓದಿದ್ದೇವೆ. ಇಲ್ಲಿ ಮುಖ್ಯ ಆಸ್ತಿ ಗ್ರಾಹಕರ ಮಾಹಿತಿಯೇ! ಕೊನೆಗೆ ಅದರ ಸಂಸ್ಥಾಪಕಿಯೇ ಕಟ್ಟಿದ ಲಾಭರಹಿತ ಸಂಸ್ಥೆ 30.5 ಕೋಟಿ ಡಾಲರಿಗೆ ಕೊಂಡಿತು. ಭಾಗಿಸಿ ನೋಡಿದೆ: ತಲೆಗೆ ಸುಮಾರು 20 ಡಾಲರ್. ಪಾಸ್‌ವರ್ಡ್ ಕಳುವಾದರೆ ಬದಲಾಯಿಸಬಹುದು, ಡಿಎನ್‌ಎಯನ್ನು ಬದಲಾಯಿಸಲಾಗದು.

ಅಷ್ಟೇ ಅಲ್ಲ, ಅದು ಒಬ್ಬರದ್ದೇ ಆಸ್ತಿಯೂ ಅಲ್ಲ. ಭಾಯಿಯ ಅರ್ಧ ಅಮ್ಮಿಯದು, ಅರ್ಧ ಅಬ್ಬಾರದು. ನನ್ನೊಂದಿಗೂ ಅವನಿಗೆ ಸರಾಸರಿ ಅರ್ಧ ಹೋಲಿಕೆ. ಅವನು ಸಹಿ ಹಾಕಿದರೆ ನಾವೆಲ್ಲ ಸಹಿ ಹಾಕಿದಂತೆ.

ಇಲ್ಲಿಯವರೆಗೆ ಬರೆಯುವುದು ಸುಲಭವಿತ್ತು. ಮುಂದಿನದನ್ನು ನಮ್ಮ ಖಾಲಾರನ್ನು ಕೇಳಿ, ಅವರು ಒಪ್ಪಿದ ಮೇಲೆ ಬರೆಯುತ್ತಿದ್ದೇನೆ. ಖಾಲಾ ಎಂದರೆ ಅಮ್ಮಿಯ ತಂಗಿ. ಅವರ ಮಗಳಿಗೆ ಥಲಸ್ಸೀಮಿಯಾ ಇದೆ. ಮೂರು ವಾರಕ್ಕೊಮ್ಮೆ ಮೈಸೂರಿಗೆ ಹೋಗಿ ರಕ್ತ ಕೊಡಿಸಿಕೊಂಡು ಬರಬೇಕು. ಖಾಲಾ ಮತ್ತು ಖಾಲು ಹತ್ತಿರದ ಸಂಬಂಧಿಗಳು. ಕರ್ನಾಟಕದಲ್ಲಿ ಇದು ಒಂದು ಧರ್ಮದವರ ಮಾತಲ್ಲ, ಸೋದರಮಾವನ ಮಗನನ್ನೋ ಅತ್ತೆಯ ಮಗನನ್ನೋ ಮದುವೆಯಾಗುವುದು ಎಲ್ಲರಲ್ಲೂ ಇದೆ. 1980ರ ದಶಕದಲ್ಲಿ ಬೆಂಗಳೂರು ಮತ್ತು ಮೈಸೂರಿನ ಆಸ್ಪತ್ರೆಗಳಲ್ಲಿ ನಡೆದ ದೊಡ್ಡ ಅಧ್ಯಯನದಲ್ಲಿ ಮೂರರಲ್ಲಿ ಒಂದು ಮದುವೆ ರಕ್ತಸಂಬಂಧದೊಳಗಿನದೇ ಆಗಿತ್ತು.

ಲೆಕ್ಕ ಹೀಗಿದೆ. ಒಬ್ಬ ಅಜ್ಜನಲ್ಲಿ ಒಂದು ದೋಷದ ಪ್ರತಿ ಇದೆ ಎನ್ನಿ. ಜೋಡಿಯಲ್ಲಿ ಇನ್ನೊಂದು ಸರಿಯಿರುವುದರಿಂದ ಅವನು ಆರೋಗ್ಯವಾಗಿಯೇ ಇರುತ್ತಾನೆ. ಅದು ಒಬ್ಬ ಮೊಮ್ಮಗನಿಗೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು, ಅವನು ಮದುವೆಯಾಗುವ ಮೊಮ್ಮಗಳಿಗೂ ನಾಲ್ಕರಲ್ಲಿ ಒಂದು. ಇಬ್ಬರಲ್ಲೂ ಇದ್ದರೆ ಪ್ರತಿ ಮಗುವಿಗೂ ಕಾಯಿಲೆ ಬರುವ ಸಾಧ್ಯತೆ ಮತ್ತೆ ನಾಲ್ಕರಲ್ಲಿ ಒಂದು. ಗುಣಿಸಿದರೆ 64ರಲ್ಲಿ 1. ಹೊರಗಿನ ಹುಡುಗಿಯಾಗಿದ್ದು, ಅವಳ ಕಡೆ ನೂರರಲ್ಲಿ ಒಬ್ಬರಲ್ಲಿ ಮಾತ್ರ ಈ ದೋಷವಿದ್ದರೆ 1,600ರಲ್ಲಿ 1. ಸಂಬಂಧದಲ್ಲಿ ಮದುವೆಯಾದ ಬಹಳಷ್ಟು ಜನರ ಮಕ್ಕಳು ಚೆನ್ನಾಗಿಯೇ ಇರುವುದಕ್ಕೂ ಇದೇ ಲೆಕ್ಕ ಕಾರಣ. ಹಾಗೆಂದು ಖಾಲಾರನ್ನು ದೂರುವವರು ಈ ಲೆಕ್ಕ ಮಾಡಿ ದೂರಿದ್ದಲ್ಲ.

ಥಲಸ್ಸೀಮಿಯಾ ದೋಷ ಇರುವುದು 11ನೇ ವರ್ಣತಂತುವಿನ ಒಂದು ವಂಶವಾಹಿಯಲ್ಲಿ. ನಮ್ಮ ಜಿಲ್ಲೆಯ ಹಾಡಿಗಳಲ್ಲಿ ಎರವ, ಜೇನು ಕುರುಬ ಜನರನ್ನು ಕಾಡುವ ಸಿಕಲ್ ಸೆಲ್ ಕಾಯಿಲೆಯೂ ಅದೇ ವಂಶವಾಹಿಯ ಒಂದೇ ಒಂದು ಅಕ್ಷರ ಬದಲಾಗಿ ಬರುವುದು. ಭಾರತದಲ್ಲಿ ಅದನ್ನು ಮೊದಲು ಗುರುತಿಸಿದ್ದು 1952ರಲ್ಲಿ, ನೆರೆಯ ನೀಲಗಿರಿಯಲ್ಲಿ. ಕೇಂದ್ರ ಸರ್ಕಾರ 2023ರ ಜುಲೈ 1ರಂದು ಆರಂಭಿಸಿದ ಸಿಕಲ್ ಸೆಲ್ ನಿರ್ಮೂಲನಾ ಕಾರ್ಯಕ್ರಮದಲ್ಲಿ 7 ಕೋಟಿ ಜನರನ್ನು ತಪಾಸಣೆ ಮಾಡುವ ಗುರಿಯಿದೆ. ಅದಕ್ಕೆ ಯಾರ ಜೀನೋಮನ್ನೂ ಓದಬೇಕಾಗಿಲ್ಲ, ಸ್ವಲ್ಪ ರಕ್ತ ಸಾಕು. ಥಲಸ್ಸೀಮಿಯಾ ವಾಹಕರನ್ನು ಪತ್ತೆ ಮಾಡಲೂ ಎಚ್‌ಪಿಎಲ್‌ಸಿ ಎಂಬ ರಕ್ತಪರೀಕ್ಷೆ ಇದೆ, ಅದರಲ್ಲಿ ಎಚ್‌ಬಿಎ2 ಎಂಬ ಅಂಶ ಹೆಚ್ಚಿದೆಯೇ ಎಂದು ನೋಡುತ್ತಾರೆ. ಕುತೂಹಲಕ್ಕೆ ಇಡೀ ಪುಸ್ತಕ ಓದಿಸುವ ಬದಲು ಬೇಕಾದ ಪುಟ ತೆರೆದಂತೆ.

ಎಲ್ಲವನ್ನೂ ತಿಳಿಯಲೇಬೇಕೆಂದೂ ಇಲ್ಲ. ಡಿಎನ್‌ಎ ರಚನೆ ಕಂಡುಹಿಡಿದವರಲ್ಲಿ ಒಬ್ಬರಾದ ಜೇಮ್ಸ್ ವಾಟ್ಸನ್ 2007ರಲ್ಲಿ ತಮ್ಮ ಜೀನೋಮ್ ಅನ್ನು ಪ್ರಪಂಚಕ್ಕೇ ತೆರೆದಿಟ್ಟರು, ಆದರೆ ಮರೆವಿನ ಕಾಯಿಲೆ ಆಲ್‌ಝೈಮರ್‌ಗೆ ಸಂಬಂಧಿಸಿದ ಒಂದು ಭಾಗವನ್ನು ಮಾತ್ರ ತಮಗೂ ತೋರಿಸಬೇಡಿ ಎಂದರು. ಅವರ ಅಜ್ಜಿಗೆ ಆ ಕಾಯಿಲೆ ಇತ್ತು. ತಿಳಿದರೂ ಮಾಡಲು ಏನೂ ಇಲ್ಲದ ವಿಷಯ ಅದು. ಥಲಸ್ಸೀಮಿಯಾ ಹಾಗಲ್ಲ, ಮದುವೆಗೆ ಮೊದಲೇ ಗೊತ್ತಿದ್ದರೆ ಮಾಡಬಹುದಾದದ್ದು ಬಹಳ ಇದೆ.

ಖಾಲಾ ವಾಹಕಿ ಎಂದ ಮೇಲೆ ಅಮ್ಮಿಗೂ ಇರುವ ಸಾಧ್ಯತೆ ಎರಡರಲ್ಲಿ ಒಂದು, ನನಗೆ ನಾಲ್ಕರಲ್ಲಿ ಒಂದು. ನಮ್ಮ ಆಪಾಗೆ ಈಗ ಮಾಮು ಮನೆಯಿಂದ ಸಂಬಂಧ ಕೇಳಿದ್ದಾರೆ. ಪರೀಕ್ಷೆ ಮಾಡಿಸೋಣ ಎಂದಾಗ ಅಮ್ಮಿ ಮೊದಲು ಹೇಳಿದ್ದು, "ಹೆಣ್ಣುಮಕ್ಕಳಿರುವ ಮನೆ, ಊರಿಗೆ ಗೊತ್ತಾದರೆ?" ಎಂದು. ಆ ಭಯ ಸುಳ್ಳಲ್ಲ, ಅದಕ್ಕೆ ನನ್ನಲ್ಲಿ ಉತ್ತರವೂ ಇರಲಿಲ್ಲ. ಎರಡು ದಿನ ಬಿಟ್ಟು ಆಪಾಳೇ ಮಾಮುವಿನ ಮಗನಿಗೆ ಫೋನ್ ಮಾಡಿ ಕೇಳಿದಳು. ಅವನು ಒಪ್ಪಿದ. ಆ ಮೇಲೆ ಅಮ್ಮಿಯೂ ಹೊರಟರು.

ಕಳೆದ ಸೋಮವಾರ ನಾವು ನಾಲ್ವರೂ ರಕ್ತ ಕೊಟ್ಟು ಬಂದೆವು. ವರದಿ ಶನಿವಾರ ಬರುತ್ತದೆ. ಭಾಯಿ ಇನ್ನೂ ಕಿಟ್ ತರಿಸಿಲ್ಲ. ದಾದಿ ಮಾತ್ರ ಇರಾನಿನ ಕುದುರೆಗಳ ಬಣ್ಣ ಯಾವುದೆಂದು ಹೇಳಲು ಶುರು ಮಾಡಿದ್ದಾರೆ.