ಕೂಗು ಬಿಡಿ, ನಿಮಿಷ ಎಣಿಸಿ: ಕುಕ್ಕರ್ ಪಳಗಿಸುವ ಸೂತ್ರಗಳು

"ಬೇಳೆಗೆ ಎಷ್ಟು ಕೂಗು?" ಅಡುಗೆಮನೆಗೆ ಹೊಸದಾಗಿ ಕಾಲಿಟ್ಟವರು ಮೊದಲು ಕೇಳುವ ಪ್ರಶ್ನೆ ಇದೇ. ಅಮ್ಮ ಮೂರು ಅಂತಾರೆ, ಅತ್ತೆ ಐದು ಅಂತಾರೆ. ಇಬ್ಬರದೂ ಸರಿ, ಅವರವರ ಒಲೆಗೆ, ಅವರವರ ಕುಕ್ಕರಿಗೆ. ಎಲ್ಲ ಒಲೆಗೂ ಒಗ್ಗುವ ಲೆಕ್ಕ ಬೇರೆಯೇ ಇದೆ. ಅದಕ್ಕೂ ಮುಂಚೆ ಅಂಗಡಿಗೆ ಹೋಗಿ ಬರೋಣ.

1. ಐಎಸ್‌ಐ ಗುರುತು ಇಲ್ಲದ್ದನ್ನು ಮುಟ್ಟಬೇಡಿ.
ಬಣ್ಣ, ಆಕಾರ, ರಿಯಾಯಿತಿ ಎಲ್ಲ ಆಮೇಲೆ. ಮನೆಬಳಕೆಯ ಕುಕ್ಕರಿಗೆ ನಮ್ಮ ದೇಶದಲ್ಲಿ ಐಎಸ್ 2347 ಎಂಬ ಮಾನಕವಿದೆ. 2021ರ ಫೆಬ್ರವರಿಯಿಂದ ಈ ಗುರುತು ಕಡ್ಡಾಯ. ಹಾಗಿದ್ದೂ ಗುರುತಿಲ್ಲದ ಕುಕ್ಕರುಗಳು ಆನ್‌ಲೈನಿನಲ್ಲಿ ಮಾರಾಟವಾಗಿ, 2022ರಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ದೊಡ್ಡ ಮಾರಾಟ ತಾಣಗಳಿಗೇ ದಂಡ ಹಾಕಿತು. ಪೆಟ್ಟಿಗೆ ಮನೆಗೆ ಬಂದ ಕೂಡಲೇ ಪಾತ್ರೆಯ ಮೇಲೆ ಗುರುತು ಹುಡುಕಿ. ಇಲ್ಲವಾದರೆ ಅವತ್ತೇ ವಾಪಸ್ ಕಳಿಸಿ.

2. ಒಂದು ದೊಡ್ಡದರ ಬದಲು ಎರಡು.
ನಾಲ್ಕು ಜನರ ಮನೆಗೆ 5 ಲೀಟರಿನದೊಂದು, 3 ಲೀಟರಿನದೊಂದು ಇದ್ದರೆ ಸಾಕು. ಬಿಸಿಬೇಳೆಬಾತು ದೊಡ್ಡದರಲ್ಲಿ, ದಿನದ ಬೇಳೆ ಚಿಕ್ಕದರಲ್ಲಿ.

3. ಹುಳಿ ಮಾಡುವ ಮನೆಗೆ ಸ್ಟೀಲ್.
ಅಲ್ಯೂಮಿನಿಯಂ ಅಗ್ಗ, ಹಗುರ, ಬೇಗ ಕಾಯುತ್ತದೆ. ಆದರೆ ಹುಣಸೆ, ಟೊಮೆಟೊಗಳ ಹುಳಿ ಅದರ ಜತೆ ವರ್ತಿಸುತ್ತದೆ. ಡಬ್ಬಿಯಲ್ಲಿಟ್ಟು ಅನ್ನ, ಬೇಳೆ ಬೇಯಿಸುವುದಷ್ಟೇ ಆದರೆ ಅಲ್ಯೂಮಿನಿಯಂ ಸಾಕು. ನೇರವಾಗಿ ಒಳಗೇ ಸಾರು, ಹುಳಿ ಮಾಡುವವರು ಮೂರು ಪದರದ ದಪ್ಪ ತಳದ ಸ್ಟೀಲ್ ತೆಗೆದುಕೊಳ್ಳಿ. ತೆಳು ತಳದ ಸ್ಟೀಲಿನಲ್ಲಿ ಅಡಿ ಹತ್ತುವುದು ಖಂಡಿತ. ಇಂಡಕ್ಷನ್ ಒಲೆ ಇದ್ದರೆ ತಳಕ್ಕೆ ಅಯಸ್ಕಾಂತ ಅಂಟುತ್ತದೆಯೇ ನೋಡಿ.

4. ಮುಚ್ಚುವ ಮುಂಚೆ ಮುಚ್ಚಳವನ್ನು ಬೆಳಕಿಗೆ ಹಿಡಿಯಿರಿ.
ಎಂಥ ಅವಸರದಲ್ಲೂ ಇದೊಂದನ್ನು ಬಿಡಬೇಡಿ. ವೆಯ್ಟ್ ತೆಗೆದು, ಮುಚ್ಚಳವನ್ನು ಕಿಟಕಿಯತ್ತ ಎತ್ತಿ, ಹಬೆ ನಳಿಕೆಗೆ ಕಣ್ಣಿಟ್ಟು ನೋಡಿ. ಆ ತುದಿಯಲ್ಲಿ ಸಾಸಿವೆಕಾಳಿನಂಥ ದುಂಡನೆಯ ಬೆಳಕು ಕಾಣಬೇಕು. ಅರ್ಧಚಂದ್ರ ಕಂಡರೆ ಅಲ್ಲೇನೋ ಅಂಟಿದೆ ಎಂದು ಅರ್ಥ. ಕಡ್ಡಿ ತೂರಿಸಿ, ನೀರು ಬಿಟ್ಟು ತೊಳೆಯಿರಿ. ನಮ್ಮ ಮನೆಯಲ್ಲಿ ಒಮ್ಮೆ ತೊಗರಿಬೇಳೆಯ ನೊರೆ ಒಣಗಿ ನಳಿಕೆ ಕಟ್ಟಿಕೊಂಡಿತ್ತು. ಸೇಫ್ಟಿ ವಾಲ್ವ್ ಹಾರಿ ಚಾವಣಿಯವರೆಗೆ ಹಳದಿ ಚಿಮ್ಮಿತು. ಪುಣ್ಯಕ್ಕೆ ಒಲೆಯ ಮುಂದೆ ಯಾರೂ ಇರಲಿಲ್ಲ. ಆ ವಾಲ್ವಿನಲ್ಲಿರುವುದು ಬೇಗ ಕರಗುವ ಮಿಶ್ರಲೋಹದ ಒಂದು ಚೂರು. ಶಾಖ ಮಿತಿ ಮೀರಿದರೆ ತಾನು ಕರಗಿ ಹಬೆಗೆ ದಾರಿ ಬಿಡುತ್ತದೆ. ವಾಲ್ವ್ ಹಾರಿದರೆ ಬರೀ ಹೊಸದು ಹಾಕಿಸಿ ಸುಮ್ಮನಾಗಬೇಡಿ. ನಳಿಕೆ ಕಟ್ಟಿತ್ತೋ, ನೀರು ಬತ್ತಿತ್ತೋ ಎಂದು ನೋಡಿ.

5. ಮೊದಲ ಕೂಗಿಗೆ ಉರಿ ಇಳಿಸಿ, ಅಲ್ಲಿಂದ ಗಡಿಯಾರ ನೋಡಿ.
ತೆರೆದ ಪಾತ್ರೆಗೆ ಎಷ್ಟೇ ಉರಿ ಕೊಟ್ಟರೂ ಕುದಿಯುವ ನೀರು ಇನ್ನಷ್ಟು ಬಿಸಿಯಾಗುವುದಿಲ್ಲ. ಕಡಲ ಬದಿಯ ಮಂಗಳೂರಿನಲ್ಲಿ ಅದು 100 ಡಿಗ್ರಿಗೆ ನಿಲ್ಲುತ್ತದೆ. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ 97ಕ್ಕೇ. ಕುಕ್ಕರಿನೊಳಗೆ ಹೊರಗಿಗಿಂತ ಚದರ ಸೆಂಟಿಮೀಟರಿಗೆ 1 ಕಿಲೋದಷ್ಟು ಒತ್ತಡ ಹೆಚ್ಚಿದಾಗ ನೀರು 120ರ ಆಸುಪಾಸಿಗೆ ಏರುತ್ತದೆ. ಕಾಳು ಬೇಯುವುದು ಆ ಶಾಖಕ್ಕೆ. ಕೂಗು ಅಂದರೆ ಹೆಚ್ಚಾದ ಹಬೆ ವೆಯ್ಟನ್ನು ಎತ್ತಿ ಹೊರಹೋಗುವ ಸದ್ದು, ಅಷ್ಟೆ. ಉರಿ ದೊಡ್ಡದಿದ್ದರೆ ಕೂಗಿನ ಮೇಲೆ ಕೂಗು. ಒಳಗೆ ಬೇಳೆ ಇನ್ನೂ ಕಾಳುಕಾಳು. ಅಷ್ಟೂ ಹಬೆ ಸುಟ್ಟ ಗ್ಯಾಸಿನ ದುಡ್ಡು. ಮೊದಲ ಕೂಗಾದ ಕೂಡಲೇ ಸಿಮ್ಮಿಗೆ ಇಳಿಸಿ. ಅಲ್ಲಿಂದ ನನ್ನ ಒಲೆಯ ಲೆಕ್ಕ ಹೀಗೆ: ಅಕ್ಕಿಗೆ 5 ನಿಮಿಷ, ನೆನೆಸಿದ ತೊಗರಿಬೇಳೆಗೆ 7, ರಾತ್ರಿಯಿಡೀ ನೆನೆದ ಕಡಲೆಕಾಳಿಗೆ 15, ಹುರುಳಿಗೆ 20. ನಿಮ್ಮಲ್ಲಿ ಒಂದೆರಡು ನಿಮಿಷ ಆಚೀಚೆ ಆಗಬಹುದು. ಒಂದು ವಾರ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಆಮೇಲೆ ಕೂಗನ್ನು ಕೇಳುವ ಅಗತ್ಯವೇ ಬೀಳುವುದಿಲ್ಲ.

6. ಬೇಳೆಕಾಳಿಗೆ ಅರ್ಧ, ಉಳಿದದ್ದಕ್ಕೆ ಮುಕ್ಕಾಲಿಗಿಂತ ತುಸು ಕಡಿಮೆ.
ಬೇಳೆ ಉಬ್ಬುತ್ತದೆ, ನೊರೆ ಕಟ್ಟುತ್ತದೆ. ಒಂದು ಚಮಚ ಎಣ್ಣೆ ಬಿಟ್ಟರೆ ನೊರೆ ತಗ್ಗುತ್ತದೆ. ಆದರೆ ಎಣ್ಣೆ ಬಿಟ್ಟಿದ್ದೇನೆಂದು ಹೆಚ್ಚು ತುಂಬಬೇಡಿ.

7. ಹುಣಸೆರಸ ಬೇಳೆ ಬೆಂದ ಮೇಲೆ.
ಹುಳಿ ಮೊದಲೇ ಬಿದ್ದರೆ ಕಾಳಿನ ಗೋಡೆ ಸಡಿಲವಾಗುವುದಿಲ್ಲ. ಬೋರ್‌ವೆಲ್ಲಿನ ಗಡಸು ನೀರಿನ ಸುಣ್ಣದಂಶ ಮಾಡುವುದೂ ಇದನ್ನೇ. ಕುಕ್ಕರನ್ನು ಬೈಯುವ ಮುಂಚೆ ಒಂದು ದಿನ ಕುಡಿಯುವ ನೀರಿನಲ್ಲಿ ಬೇಯಿಸಿ ನೋಡಿ. ವರ್ಷ ಕಳೆದ ಬೇಳೆಯಾದರೆ ಯಾವ ನೀರಿಗೂ ಸುಲಭಕ್ಕೆ ಬಗ್ಗದು. ಬೇಗ ಬೇಯಲೆಂದು ಸೋಡಾ ಹಾಕಬೇಡಿ, ಬಿ1 ಜೀವಸತ್ವ ಹಾಳಾಗುತ್ತದೆ.

8. ಇಡ್ಲಿಗೆ ವೆಯ್ಟ್ ಬೇಡ.
ಇಡ್ಲಿಗೆ ಬೇಕಾದ್ದು ಹಬೆ ಮಾತ್ರ, ಒತ್ತಡವಲ್ಲ. ಹತ್ತು ಹನ್ನೆರಡು ನಿಮಿಷ ಸಾಕು.

9. ವೆಯ್ಟ್ ಎತ್ತುವ ಆತುರ ಬೇಡ.
ಒಲೆ ಆರಿಸಿದ ಮೇಲೂ ಒಳಗೆ ಬೇಯುತ್ತಲೇ ಇರುತ್ತದೆ. ಆ ಹತ್ತು ನಿಮಿಷ ಪುಕ್ಕಟೆ ಅಡುಗೆ. ಒತ್ತಡ ಇಳಿದ ಮೇಲೆ ಮುಚ್ಚಳ ತಾನೇ ಸಡಿಲವಾಗುತ್ತದೆ. ಬಿಗಿಯಾಗಿದ್ದರೆ ಇನ್ನೂ ಹಬೆಯಿದೆ ಎಂದೇ ಲೆಕ್ಕ. ಬಲ ಹಾಕಿ ತೆಗೆಯಲು ಹೋಗಿಯೇ ಮುಖ, ಕೈ ಸುಟ್ಟುಕೊಳ್ಳುವುದು.

10. ವಿದ್ಯುತ್ ಕುಕ್ಕರಿಗೆ ನಿಮಿಷ ತುಸು ಹೆಚ್ಚು.
ವಿದೇಶದಲ್ಲಿರುವ ನಮ್ಮವರ ಮನೆಗಳಲ್ಲಿ ಈಗ ಇದೇ ಹೆಚ್ಚು. ಇದು ಕೂಗುವುದೇ ಇಲ್ಲ. ಊರಿನಿಂದ ಅಮ್ಮ ಹೇಳಿದ "ಮೂರು ಕೂಗು" ಇಲ್ಲಿ ನಡೆಯದು, ನಿಮಿಷವೇ ಗತಿ. ಇವುಗಳಲ್ಲಿ ಹಲವು ಒಲೆಯ ಕುಕ್ಕರಿಗಿಂತ ಕಡಿಮೆ ಒತ್ತಡದಲ್ಲಿ ನಡೆಯುವುದರಿಂದ ಕಾಳಿಗೆ ಇನ್ನೊಂದೈದು ನಿಮಿಷ ಸೇರಿಸಿ. ಸಿಲಿಕೋನ್ ರಿಂಗು ಮಸಾಲೆಯ ವಾಸನೆ ಹಿಡಿದಿಟ್ಟುಕೊಳ್ಳುತ್ತದೆ. ಹುಳಿಗೊಂದು, ಪಾಯಸಕ್ಕೊಂದು ಇಡಿ.

11. ಗ್ಯಾಸ್ಕೆಟ್ಟಿಗೆ ಜುಗ್ಗತನ ಬೇಡ.
ಅಂಚಿನಿಂದ ನೀರು ಜಿನುಗಿ ಕೂಗು ತಡವಾದರೆ ಅದರ ಆಯಸ್ಸು ಮುಗಿದಿದೆ. ಫ್ರಿಜ್ಜಿನಲ್ಲಿಟ್ಟು ಬಿಗಿ ಮಾಡುವುದು ಒಂದೆರಡು ಹೊತ್ತಿನ ಉಪಾಯ. ನಿಮ್ಮ ಕುಕ್ಕರಿನ ಕಂಪನಿಯದೇ ಗ್ಯಾಸ್ಕೆಟ್, ಅದೇ ಕಂಪನಿಯ ವಾಲ್ವ್ ತನ್ನಿ. ಎಲ್ಲಕ್ಕೂ ಕೂರುತ್ತದೆ ಎಂದು ಮಾರುವ ನಕಲಿ ಬಿಡಿಭಾಗ ಬೇಡ. ಬದಲಿಸಿದ ತಾರೀಖನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಇವತ್ತು ರಾತ್ರಿ ಬೇಳೆಗಿಡುವ ಮುಂಚೆ, ಒಮ್ಮೆ ಮುಚ್ಚಳ ಎತ್ತಿ ಬೆಳಕಿಗೆ ಹಿಡಿದು ನೋಡಿ.