ಉಬುಂಟು ಗಣಕಯಂತ್ರದಲ್ಲಿ ಬ್ರೌಸರ್ ಅಳವಡಿಕೆ: ಗ್ರಾಮ ಪಂಚಾಯಿತಿ ಸದಸ್ಯರ ಅಧ್ಯಯನಕ್ಕಾಗಿ

ಕೋಲಾರ, ಮಾಲೂರು, ಮುಳಬಾಗಿಲು ಹಾಗೂ ಶ್ರೀನಿವಾಸಪುರ ತಾಲ್ಲೂಕುಗಳ ಗ್ರಾಮ ಪಂಚಾಯಿತಿಗಳಲ್ಲಿ ಇ-ಸ್ವತ್ತು, ಪಂಚತಂತ್ರ ಮುಂತಾದ ತಂತ್ರಾಂಶಗಳ ಕೆಲಸ ನಡೆಯುವುದು ಬ್ರೌಸರ್ ಮೂಲಕ. ಅದು ತೆರೆಯದ ದಿನ ನಮೂನೆ 9ಕ್ಕಾಗಿ ಬಂದವರು ಬರಿಗೈಯಲ್ಲಿ ಹಿಂದಿರುಗಬೇಕಾಗುತ್ತದೆ. ಆದುದರಿಂದ ಕಚೇರಿಯಲ್ಲಿ ಉಬುಂಟು ಗಣಕಯಂತ್ರವಿದ್ದರೆ ಈ ವಿಷಯವನ್ನು ಸದಸ್ಯರೂ ಅರಿತಿರುವುದು ಸೂಕ್ತ.

ಉಬುಂಟುವಿನಲ್ಲಿ ಫೈರ್‌ಫಾಕ್ಸ್ ಮೊದಲೇ ಇರುತ್ತದೆ. ಇನ್ನೊಂದು ಬೇಕಾದಲ್ಲಿ ಸಾಫ್ಟ್‌ವೇರ್ ಮಳಿಗೆಯಲ್ಲಿ ಕ್ರೋಮಿಯಂ ಎಂದು ಹುಡುಕಿ, ಇನ್‌ಸ್ಟಾಲ್ ಒತ್ತಿ, ಗುಪ್ತಪದ ನೀಡಿದರೆ ಸಾಕು. ಇವೆರಡೂ ಉಚಿತ, ಪರವಾನಗಿ ಶುಲ್ಕವೆಂದು ಬಿಲ್ಲು ಬಂದರೆ ಸದಸ್ಯರು ಪ್ರಶ್ನಿಸತಕ್ಕದ್ದು.

ಗೂಗಲ್ ಕ್ರೋಮ್ ಬೇಕಿದ್ದಲ್ಲಿ ಅದರ ಅಧಿಕೃತ ತಾಣದಿಂದಲೇ ಡೆಬ್ ಕಡತವನ್ನು ಇಳಿಸಿಕೊಳ್ಳಬೇಕು. ಯಾರೋ ಪೆನ್‌ಡ್ರೈವ್‌ನಲ್ಲಿ ತಂದುದನ್ನು ಬಳಸಕೂಡದು. 2016ರಿಂದ 32-ಬಿಟ್ ಲಿನಕ್ಸ್‌ಗೆ ಕ್ರೋಮ್ ಬರುತ್ತಿಲ್ಲ. ಹಳೆಯ ಯಂತ್ರದಲ್ಲಿ ಅದು ಅಳವಡಿಕೆಯಾಗದಿದ್ದರೆ ಯಂತ್ರವೇ ಕೆಟ್ಟಿತೆಂದು ಹೊಸದರ ಖರೀದಿಗೆ ಠರಾವು ಮಾಡುವುದು ಅವಸರವಾದೀತು. ಸೆಟ್ಟಿಂಗ್ಸ್‌ನ ಅಬೌಟ್ ಪುಟವನ್ನು ಮೊದಲು ನೋಡಬೇಕು. ಪ್ರೊಸೆಸರ್ 64-ಬಿಟ್‌ನದಾಗಿದ್ದು ಕಾರ್ಯಾಚರಣೆ ವ್ಯವಸ್ಥೆ ಮಾತ್ರ 32-ಬಿಟ್ ಆಗಿದ್ದರೆ, ಕಡತಗಳ ಪ್ರತಿ ತೆಗೆದಿಟ್ಟು 64-ಬಿಟ್ ವ್ಯವಸ್ಥೆಯನ್ನು ಹೊಸದಾಗಿ ಅಳವಡಿಸಬಹುದು.

ನಿಜವಾದ ತೊಡಕು ಡಿಜಿಟಲ್ ಸಹಿಯದು. ಉಬುಂಟು 22.04ರಿಂದ ಫೈರ್‌ಫಾಕ್ಸ್ ಸ್ನ್ಯಾಪ್ ರೂಪದಲ್ಲಿ ಬರುತ್ತದೆ. ಸ್ನ್ಯಾಪ್ ತಂತ್ರಾಂಶವು ತನ್ನ ಆವರಣದೊಳಗೇ ಕೆಲಸ ಮಾಡುವುದರಿಂದ ಸಹಿಯ ಟೋಕನ್ ಅನ್ನು ಅದು ಗುರುತಿಸದಿರಬಹುದು. ಟೋಕನ್‌ಗೆ ಲಿನಕ್ಸ್ ಚಾಲಕ ತಂತ್ರಾಂಶವೂ ಇರಬೇಕು. ಅಭಿವೃದ್ಧಿ ಅಧಿಕಾರಿಯವರು ಒಂದು ಸಹಿಯನ್ನು ಪರೀಕ್ಷಿಸಿ ನೋಡುವವರೆಗೆ ಹಳೆಯ ವ್ಯವಸ್ಥೆಯನ್ನು ಅಳಿಸತಕ್ಕದ್ದಲ್ಲ.